ಘಾಟು ಏರುವಾಗ ಉಸಿರು ಬಿಡುವ ಪೆಟ್ರೋಲ್ ಟ್ರಕ್: ಟಾಕಿಯಿಂದ ಕಾರ್ಬೊರೇಟರ್‌ವರೆಗೆ ಒಂದು ರಿಪೇರಿ

ಗಾಡಿ: ಮಹೀಂದ್ರಾ ಎಫ್‌ಸಿ-150, ಪೆಟ್ರೋಲ್. ಇಂಜಿನ್: ನಾಲ್ಕು ಸಿಲಿಂಡರಿನ ಹರಿಕೇನ್ ಎಫ್-134, 2199 ಸಿಸಿ. ಕಾರ್ಬೊರೇಟರ್ ಸೋಲೆಕ್ಸ್. ಪಂಪು ಕ್ಯಾಮ್‌ಶಾಫ್ಟಿನಿಂದ ನಡೆಯುವ, ಎಸಿ ಕಂಪನಿ ಮಾದರಿಯ ಮೆಕ್ಯಾನಿಕಲ್ ಪಂಪು, ಮೇಲೆ ಗಾಜಿನ ಬಟ್ಟಲು.

ತೊಂದರೆ: ಬೆಳಗಾವಿ ಊರೊಳಗೆ ಓಡಿಸಿದರೆ ಏನೂ ಕೊರತೆ ಕಾಣುವುದಿಲ್ಲ. ಹೆದ್ದಾರಿಯ ಸಪಾಟಿನಲ್ಲಿ ಗಂಟೆಗೆ 50 ಕಿ.ಮೀ. ಆರಾಮಾಗಿ ಹೋಗುತ್ತದೆ. ಮಾಲು ಹೇರಿಕೊಂಡು ವಂಟಮುರಿ ಘಾಟು ಹಿಡಿದರೆ ಅರ್ಧ-ಮುಕ್ಕಾಲು ನಿಮಿಷ ಎಳೆದು, ಆಮೇಲೆ ಜರ್ಕು ಹೊಡೆದು ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಇಂಥ ಗಾಡಿ ಬಂದ ಕೂಡಲೇ ಮೆಕ್ಯಾನಿಕ್ಕುಗಳ ಕೈ ಕಾರ್ಬೊರೇಟರ್ ಮೇಲೆ ಹೋಗುತ್ತದೆ. ಬಿಚ್ಚುತ್ತಾರೆ, ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಗಾಳಿ ಹೊಡೆಯುತ್ತಾರೆ, ಕಿಟ್ ಹಾಕುತ್ತಾರೆ. ನಾಲ್ಕು ದಿನಕ್ಕೆ ಗಾಡಿ ಮತ್ತೆ ಅದೇ ಘಾಟಿನಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಬರುವ ದಾರಿಯಲ್ಲಿ ಕಾರ್ಬೊರೇಟರ್ ಕೊನೆಯ ಮನೆ. ಅದಕ್ಕಿಂತ ಮೊದಲು ಟಾಕಿಯ (ಪೆಟ್ರೋಲ್ ಟ್ಯಾಂಕಿನ) ಮುಚ್ಚಳ, ಟಾಕಿ, ಒಳಗಿನ ಜಾಳಿಗೆ, ಪೈಪು, ರಬ್ಬರ್ ಹೋಸು, ಪಂಪು ಇವೆ. ಈ ಕೆಲಸದಲ್ಲಿ ಕಾರ್ಬೊರೇಟರಿನ ಸ್ಕ್ರೂ ಮುಟ್ಟಿದ್ದು ಎಲ್ಲ ಅಳತೆ ಮುಗಿದ ಮೇಲೆ.

ಮೊದಲು ಸುರಕ್ಷತೆ, ಇದನ್ನು ಹಾರಿಸಿ ಮುಂದೆ ಓದಬೇಡಿ. ಪೆಟ್ರೋಲಿನ ಹಬೆ ಮೈನಸ್ 40 ಡಿಗ್ರಿಯಲ್ಲೂ ಕಿಡಿಗೆ ಹತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಿರುವುದರಿಂದ ನೆಲದ ಮೇಲೆ ಹರಿದು ಗುಂಡಿಯಲ್ಲಿ ಕೂರುತ್ತದೆ. ಕೆಲಸ ಬಯಲಿನಲ್ಲಿ ಮಾಡಿ, ಗುಂಡಿಯ ಮೇಲೆ ಬೇಡ. ಇಂಜಿನ್ ನಡೆಸುವ ಪರೀಕ್ಷೆಗಳನ್ನು ಬಿಟ್ಟರೆ ಉಳಿದ ಹೊತ್ತು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಹತ್ತಿರದಲ್ಲಿ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್, ಒಂದು ಬಕೆಟ್ ಉಸುಕು ಇರಲಿ. ಬಾಯಿಂದ ಪೈಪು ಎಳೆದು ಪೆಟ್ರೋಲ್ ತೆಗೆಯುವ ರೂಢಿ ಇಂದಿಗೂ ಇದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ನೂರು-ಇನ್ನೂರು ರೂಪಾಯಿಯ ಕೈಪಂಪು ತಂದಿಟ್ಟುಕೊಳ್ಳಿ.

ಪೆಟ್ರೋಲೋ, ಕರೆಂಟೋ

ಗಾಡಿ ನಿಂತ ಕ್ಷಣದಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ. ಕೀ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು, ಕಾರ್ಬೊರೇಟರಿನ ಬಾಯೊಳಗೆ ನೋಡುತ್ತ ಎಕ್ಸಿಲೇಟರ್ ಲಿಂಕನ್ನು ಕೈಯಿಂದ ಒತ್ತಿ. ಒಳಗೆ ಪೆಟ್ರೋಲಿನ ಗಟ್ಟಿ ಚಿಲುಮೆ ಹಾರಿದರೆ ಬೌಲಿನಲ್ಲಿ (ಕಾರ್ಬೊರೇಟರಿನೊಳಗೆ ಪೆಟ್ರೋಲ್ ನಿಲ್ಲುವ ತೊಟ್ಟಿಯಲ್ಲಿ) ಪೆಟ್ರೋಲ್ ಇದೆ, ತೊಂದರೆ ಕಾಯಿಲ್, ಕಂಡೆನ್ಸರ್, ಪಾಯಿಂಟಿನ ಕಡೆಗಿರಬಹುದು. ಕಾದಾಗ ಕೈಕೊಡುವ ಕಂಡೆನ್ಸರ್ ತೋರಿಸುವ ಲಕ್ಷಣವೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಈ ಪರೀಕ್ಷೆ ಬಿಡಬಾರದು. ಚಿಲುಮೆ ಬರದಿದ್ದರೆ, ಅಥವಾ ಎರಡು ಹನಿ ತೊಟ್ಟಿಕ್ಕಿದರೆ, ಬೌಲು ಬರಿದಾಗಿದೆ.

ಈ ಗಾಡಿಯಲ್ಲಿ ಬರಿದಾಗಿತ್ತು. ಹಾಗಾಗಿ ಇಗ್ನಿಷನ್ ಕಡೆ ಪಾಯಿಂಟ್ ಗ್ಯಾಪ್ 0.5 ಮಿ.ಮೀ., ಪ್ಲಗ್ ಗ್ಯಾಪ್ 0.75 ಮಿ.ಮೀ., ಟೈಮಿಂಗ್ ಟಿಡಿಸಿಗಿಂತ (ಪಿಸ್ಟನ್ ಪೂರ್ತಿ ಮೇಲೇರಿದ ಜಾಗ) 5 ಡಿಗ್ರಿ ಮೊದಲು ಎಂದು ಖಾತ್ರಿ ಮಾಡಿಕೊಂಡು ಬಿಡಲಾಯಿತು. ಪ್ಲಗ್ಗುಗಳ ತುದಿ ಸುಣ್ಣದಂತೆ ಬೆಳ್ಳಗಿತ್ತು. ಅರ್ಧ ಚೋಕ್ ಎಳೆದರೆ ಎಳೆತ ಸ್ವಲ್ಪ ಸುಧಾರಿಸುತ್ತಿತ್ತು. ಎರಡೂ ಪೆಟ್ರೋಲ್ ಸಾಲುತ್ತಿಲ್ಲ ಎಂಬುದಕ್ಕೇ ಸಾಕ್ಷಿ.

ಇಂಜಿನ್‌ಗೆ ಎಷ್ಟು ಬೇಕು, ಎಷ್ಟು ಬರುತ್ತಿದೆ

ಇಂಥ ಪೆಟ್ರೋಲ್ ಇಂಜಿನ್ ಪೂರ್ತಿ ಲೋಡಿನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಸುಮಾರು ಮೂರನೇ ಒಂದು ಲೀಟರ್ ಕುಡಿಯುತ್ತದೆ. ಹರಿಕೇನ್ ಇಂಜಿನ್ ಸುಮಾರು 70 ಎಚ್‌ಪಿಯದು. ಅಂದರೆ ಗಂಟೆಗೆ 23-24 ಲೀಟರ್, ನಿಮಿಷಕ್ಕೆ 400 ಎಂಎಲ್ ಹತ್ತಿರ. ಘಾಟಿನಲ್ಲಿ ಗೇರ್ ಇಳಿಸಿ ಏರುವಾಗ ಅಷ್ಟು ಆರ್‌ಪಿಎಂ ಇರುವುದಿಲ್ಲ, ಆದರೂ ನಿಮಿಷಕ್ಕೆ 300 ಎಂಎಲ್ ಬೇಕೇ ಬೇಕು. ಸಪಾಟಿನಲ್ಲಿ 50ರ ವೇಗಕ್ಕೆ, ಲೀಟರಿಗೆ 7 ಕಿ.ಮೀ. ಲೆಕ್ಕ ಹಿಡಿದರೂ, ನಿಮಿಷಕ್ಕೆ 120 ಎಂಎಲ್ ಸಾಕು.

ಇನ್ನು ಅಳತೆ. ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನು ಕಾರ್ಬೊರೇಟರ್ ತುದಿಯಲ್ಲಿ ಬಿಚ್ಚಿ, ಅದಕ್ಕೆ ಉದ್ದನೆಯ ಹೋಸು ಹಾಕಿ, ಗಾಡಿಯಿಂದ ದೂರ ನೆಲದ ಮೇಲಿಟ್ಟ ಅಳತೆಯ ಡಬ್ಬಿಗೆ ಬಿಡಿ. ಬೌಲಿನಲ್ಲಿ ಉಳಿದ ಪೆಟ್ರೋಲಿನ ಮೇಲೆ ಇಂಜಿನ್ ಐಡಲ್‌ನಲ್ಲಿ ಒಂದೆರಡು ನಿಮಿಷ ನಡೆಯುತ್ತದೆ, ಅಷ್ಟು ಹೊತ್ತು ಸಾಕು. ಹೋಸು ಸೈಲೆನ್ಸರ್ ಪೈಪಿನ ಹತ್ತಿರ ಸುಳಿಯಬಾರದು, ಒಬ್ಬರು ಕೀ ಮೇಲೆ ಕೈ ಇಟ್ಟುಕೊಂಡೇ ಕೂರಬೇಕು. ಒಳ್ಳೆಯ ಪಂಪು ಒಂದು ನಿಮಿಷದೊಳಗೆ ಅರ್ಧ ಲೀಟರ್ ಕೊಡಬೇಕು, ಧಾರೆ ತುಂಡಾಗಿ ಚಿಮ್ಮಬೇಕು, ನಡುವೆ ನೊರೆ ಬರಬಾರದು.

ಇಲ್ಲಿ ಲೆಕ್ಕ ಹಾಕಿದರೆ ಬಂದದ್ದು ನಿಮಿಷಕ್ಕೆ 200 ಎಂಎಲ್, ಅದೂ ನೊರೆಯೊಂದಿಗೆ.

ಲಕ್ಷಣದ ಗುಟ್ಟು ಈ ಒಂದೇ ಅಂಕಿಯಲ್ಲಿದೆ. ಸಪಾಟಿನಲ್ಲಿ 120 ಬೇಕು, 200 ಬರುತ್ತದೆ, ಗಾಡಿ ಓಡುತ್ತದೆ. ಘಾಟಿನಲ್ಲಿ 300 ಬೇಕು, 200 ಬರುತ್ತದೆ, ನಿಮಿಷಕ್ಕೆ 100 ಎಂಎಲ್ ಸಾಲ. ಆ ಸಾಲ ತೀರುವುದು ಬೌಲಿನಲ್ಲಿರುವ 70 ಎಂಎಲ್ ಆಸುಪಾಸಿನ ದಾಸ್ತಾನಿನಿಂದ. ಮುಕ್ಕಾಲು ನಿಮಿಷಕ್ಕೆ ಅದು ಖಾಲಿ. ನಿಂತ ಮೇಲೆ ಸೆಲ್ಫ್ ತಿರುಗಿಸಿದಾಗ ಪಂಪು ಮೆಲ್ಲಗೆ ಬೌಲು ತುಂಬುತ್ತದೆ, ಗಾಡಿ ಮತ್ತೆ ಒಳ್ಳೆಯದಾದಂತೆ ಕಾಣುತ್ತದೆ. ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರ) ಕಟ್ಟಿದ್ದರೆ ಹೀಗಾಗುವುದಿಲ್ಲ. ಕಟ್ಟಿದ ಜೆಟ್ ಮೊದಲ ಸೆಕೆಂಡಿನಿಂದಲೇ ಕಟ್ಟಿರುತ್ತದೆ. ಲೋಡು ಬಿದ್ದು ಸ್ವಲ್ಪ ಹೊತ್ತಿಗೆ ನಿಲ್ಲುವ ಗಾಡಿಯಲ್ಲಿ ತೊಂದರೆ ಬೌಲಿಗಿಂತ ಹಿಂದೆ ಇರುತ್ತದೆ.

ಮುಂದಿನ ಹೆಜ್ಜೆ ಟಾಕಿಯನ್ನೂ ಪೈಪನ್ನೂ ದಾರಿಯಿಂದ ಹೊರಗಿಡುವುದು. ಪಂಪಿನ ಒಳಬರುವ ಬದಿಗೆ ಹೊಸ ಹೋಸು ಹಾಕಿ, ಅದರ ತುದಿಯನ್ನು ಪಂಪಿನ ಮಟ್ಟದಲ್ಲೇ ಇಟ್ಟ ಕ್ಯಾನಿನಲ್ಲಿ ಮುಳುಗಿಸಿ ಅದೇ ಅಳತೆ ಮತ್ತೆ ತೆಗೆಯಿರಿ. ಈಗ ನಿಮಿಷಕ್ಕೆ 430 ಎಂಎಲ್ ಬಂತು. ಎರಡು ಸಂಗತಿ ಒಟ್ಟಿಗೆ ಸಿಕ್ಕವು: ದೊಡ್ಡ ತೊಂದರೆ ಪಂಪಿಗಿಂತ ಹಿಂದೆ ಇದೆ, ಪಂಪೂ ಪೂರ್ತಿ ಗಟ್ಟಿಯಾಗಿ ಉಳಿದಿಲ್ಲ.

ಮುಚ್ಚಳ, ಟಾಕಿ, ಹೋಸು

ಮುಚ್ಚಳದ ಗಾಳಿ ರಂಧ್ರ ಮುಚ್ಚಿದ್ದರೆ ಪೆಟ್ರೋಲ್ ಹೊರಗೆ ಹೋದಂತೆ ಟಾಕಿಯೊಳಗೆ ನಿರ್ವಾತ ಬೆಳೆದು ಪಂಪಿಗೆ ಎಳೆಯಲು ಆಗುವುದಿಲ್ಲ. ಗಾಡಿ ನಿಂತಾಗ ಮುಚ್ಚಳ ಸಡಿಲಿಸಿದರೆ ಸುಯ್ಯೆಂದು ಗಾಳಿ ಒಳಗೆ ಹೋಗುವ ಸದ್ದು ಬಂದರೆ ಅದೇ ಕಾರಣ. ಬೆಳಗಾವಿಯ ಮಳೆಗೆ ಹೆದರಿ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಸಿಕ್ಕಿಸುವ ರೂಢಿ ಬಹಳ ಕಡೆ ಇದೆ. ನೀರು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಈ ಗಾಡಿಯಲ್ಲಿ ಹಾಳೆ ಇರಲಿಲ್ಲ, ಆದರೆ ರಂಧ್ರದಲ್ಲಿ ಪೇಂಟು ಕೂತಿತ್ತು. 1.5 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಿಂದ ತಿರುಗಿಸಿ ತೆರೆಯಲಾಯಿತು. ಹೊಸ ಮುಚ್ಚಳ ಕೊಳ್ಳುವಾಗ ಬಾಯಿ ಇಟ್ಟು ಊದಿ ನೋಡಿ. ರಂಧ್ರವೇ ಇಲ್ಲದ ಮುಚ್ಚಳಗಳೂ ಅದೇ ಅಳತೆಯಲ್ಲಿ ಸಿಗುತ್ತವೆ.

ಆಮೇಲೆ ಮುಚ್ಚಳ ತೆಗೆದಿಟ್ಟು, ಪೈಪಿನ ಪಂಪು ತುದಿಯಿಂದ ಟಾಕಿ ಕಡೆಗೆ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹೊಡೆದಾಗ ಮೊದಲು ತಡೆದು, ನಂತರ ಗುಳುಗುಳು ಸದ್ದು ಬಂತು. ಆ ಮೇಲೆ ಕೆಲ ಕಿಲೋಮೀಟರ್ ಗಾಡಿ ಚೆನ್ನಾಗಿ ಎಳೆಯಿತು, ಮತ್ತೆ ಸೋತಿತು. ಟಾಕಿಯೊಳಗಿನ ಜಾಳಿಗೆಗೆ ತುಕ್ಕಿನ ಚಕ್ಕೆ ಅಂಟುತ್ತಿದೆ ಎಂದೇ ಇದರ ಅರ್ಥ. ಗಾಳಿ ಹೊಡೆದದ್ದು ಪರೀಕ್ಷೆ ಮಾತ್ರ, ರಿಪೇರಿ ಅಲ್ಲ. ಅಲ್ಲಿಗೇ ಬಿಟ್ಟು ಕಳಿಸಿದ ಗಾಡಿಗಳೇ ಮರಳಿ ಬರುವುದು.

ಟಾಕಿ ಇಳಿಸಿ ಖಾಲಿ ಮಾಡಿದಾಗ ತಳದಲ್ಲಿ ಕಂದು ಹುಡಿ, ಅದರ ಮೇಲೆ ನೀರಿನಂಥ ಪದರ. ಈ ಪದರದ ಬಗ್ಗೆ ನಮ್ಮ ಭಾಗದವರಿಗೆ ಗೊತ್ತಿರಬೇಕು. 2025ರ ಹೊತ್ತಿಗೆ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದರಲ್ಲಿ ಒಳ್ಳೆಯ ಪಾಲು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಅದು ಹಿಡಿದಿಟ್ಟುಕೊಳ್ಳುವ ಮಿತಿ ಮೀರಿ ನೀರು ಸೇರಿದರೆ ನೀರೂ ಎಥೆನಾಲೂ ಕೂಡಿ ಕೆಳಗಿಳಿದು ಬೇರೆ ಪದರವಾಗುತ್ತವೆ. ಹಳೆ ಗಾಡಿ ಮಳೆಗಾಲವೆಲ್ಲ ಅರ್ಧ ಟಾಕಿಯಲ್ಲಿ ನಿಂತರೆ ಇದೇ ಆಗುವುದು, ಟಾಕಿಯ ತಳ ತಿನ್ನುವುದೂ ಆ ಪದರವೇ. ಗಾಡಿ ನಿಲ್ಲಿಸುವುದಿದ್ದರೆ ಒಂದೋ ಟಾಕಿ ಭರ್ತಿ ಮಾಡಿ, ಇಲ್ಲವೇ ಪೂರ್ತಿ ಬರಿದು ಮಾಡಿ ಒಣಗಿಸಿ.

ನಿಮ್ಮ ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. 100 ಎಂಎಲ್ ಅಳತೆಯ ಗಾಜಿನ ಸಿಲಿಂಡರಿನಲ್ಲಿ 10 ಎಂಎಲ್ ನೀರು, 90 ಎಂಎಲ್ ಪೆಟ್ರೋಲ್ ಹಾಕಿ, ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಎಥೆನಾಲ್ ನೀರಿನ ಕಡೆಗೆ ಹೋಗುತ್ತದೆ. ಶೇ. 20 ಇದ್ದರೆ ಕೆಳಗಿನ ಪದರ 10ರಿಂದ 27-28ರವರೆಗೆ ಏರುತ್ತದೆ.

ತುಕ್ಕು ತೆಗೆಯಲು ಇಲ್ಲಿ ಎಲ್ಲಕ್ಕಿಂತ ಅಗ್ಗದ ಮದ್ದು ಕಾಕಂಬಿ, ದನದ ಮೇವಿಗೆ ಹಾಕುವುದೇ ಸಾಕು. ಮೊದಲು ಟಾಕಿಯನ್ನು ಸೋಪಿನ ಬಿಸಿನೀರಿನಲ್ಲಿ ವಾಸನೆ ಹೋಗುವವರೆಗೂ ತೊಳೆಯಿರಿ. ಎಣಿಸಿಟ್ಟ ಎಂ8 ನಟ್ಟುಗಳನ್ನು ಒಳಗೆ ಹಾಕಿ ಎಲ್ಲ ಬದಿಗೂ ಉರುಳಾಡಿಸಿ ಚಕ್ಕೆ ಎಬ್ಬಿಸಿ, ಅಷ್ಟೇ ನಟ್ಟು ಹೊರಬಂದವೇ ಎಂದು ಮತ್ತೆ ಎಣಿಸಿ. ನಂತರ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು ಕಲಸಿ ಬಾಯಿವರೆಗೂ ತುಂಬಿ ಒಂದೆರಡು ವಾರ ನೆರಳಲ್ಲಿಡಿ. ಹುಳಿಯುತ್ತದೆ, ಗಾಳಿ ಬಿಡುತ್ತದೆ, ಆದ್ದರಿಂದ ಬಿರಡೆ ಬಿಗಿಯಬೇಡಿ. ಒಳ್ಳೆಯ ಕಬ್ಬಿಣವನ್ನು ಹೆಚ್ಚು ತಿನ್ನದೆ ತುಕ್ಕನ್ನು ಮಾತ್ರ ಕರಗಿಸುವುದು ಇದರ ಗುಣ, ಆಸಿಡ್ಡಿಗೆ ಈ ಸಂಯಮ ಇಲ್ಲ. ಅಲ್ಯೂಮಿನಿಯಂ, ಸತು ಇರುವ ಭಾಗಗಳನ್ನು ಮಾತ್ರ ಅದರಲ್ಲಿ ಮುಳುಗಿಸಬಾರದು. ಪಂಪು, ಕಾರ್ಬೊರೇಟರ್ ಹಾಕಿದರೆ ಹಾಳು. ಹೊರಗೆ ಚೆಲ್ಲಿದ ಮೇಲೆ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಮತ್ತು ಬ್ಲೋವರಿಗೆ ಹಿಡಿದು ಪೂರ್ತಿ ಒಣಗಿಸಿ, ತಡಮಾಡದೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿದ ಪೆಟ್ರೋಲ್ ಸವರಿ. ಬರೀ ಕಬ್ಬಿಣ ಒಂದೇ ರಾತ್ರಿಗೆ ಮತ್ತೆ ಕೆಂಪಾಗುತ್ತದೆ. ತೂತಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಇದ್ದರೆ ಟಾಕಿ ತೊಳೆದು ಹಬೆ ತೆಗೆಯುವುದು ಗೊತ್ತಿರುವ ರೇಡಿಯೇಟರ್ ಅಂಗಡಿಗೇ ಕೊಡಿ.

ಪಂಪಿಗೆ ಹೋಗುವ ರಬ್ಬರ್ ಹೋಸು ಹೊರಗಿನಿಂದ ಹೊಸದರಂತಿತ್ತು. ಉದ್ದಕ್ಕೆ ಸೀಳಿ ನೋಡಿದರೆ ಒಳಪದರ ಉಬ್ಬಿ, ಒಂದು ಕಡೆ ಕಿತ್ತು ನಾಲಿಗೆಯಂತೆ ನಿಂತಿತ್ತು. ಪಂಪು ಜೋರಾಗಿ ಎಳೆದಷ್ಟೂ ಆ ತುಂಡು ದಾರಿ ಮುಚ್ಚುತ್ತದೆ. ಎಥೆನಾಲ್ ಹಳೆಯ ರಬ್ಬರಿಗೆ ಮಾಡುವ ಗತಿ ಇದು. ಇದಕ್ಕೆ ಬೇಕಾದ್ದು ಒಳಗೆ ಫ್ಲೋರೋ ರಬ್ಬರ್ ಇರುವ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವ ಹೋಸು. ಇಲ್ಲಿ ಬೇಕಾದದ್ದು 8 ಮಿ.ಮೀ. ಒಳ ಅಳತೆಯದು. ಮೀಟರಿಗೆ ದುಬಾರಿಯೇ, ಆದರೆ ಬೇಕಾಗುವುದು ಎರಡು ಗೇಣು.

ನೊರೆಯ ಕಾರಣ ಬೇರೆ. ಟಾಕಿಯಿಂದ ಪಂಪಿನವರೆಗೆ ದಾರಿ ಎಳೆತದಲ್ಲಿರುತ್ತದೆ, ಒತ್ತಡದಲ್ಲಿ ಅಲ್ಲ. ಅಲ್ಲಿ ಜಾಯಿಂಟು ಸಡಿಲಿದ್ದರೆ ಪೆಟ್ರೋಲ್ ಹೊರಗೆ ಸುರಿಯುವುದಿಲ್ಲ, ಗಾಳಿ ಒಳಗೆ ಬರುತ್ತದೆ. ನೆಲ ಒಣಗಿದೆ, ಲೀಕಿಲ್ಲ ಎಂದು ನಂಬಬಾರದು. ಪಂಪಿನ ಮುಂಚೆ ಗೇಣುದ್ದದ ಪಾರದರ್ಶಕ ನಳಿಗೆ ತಾತ್ಕಾಲಿಕವಾಗಿ ಹಾಕಿ ಇಂಜಿನ್ ನಡೆಸಿದರೆ ಗುಳ್ಳೆಗಳು ಕಾಣುತ್ತವೆ. ಪೈಪಿಗೆ 2 ಪಿಎಸ್‌ಐ ಮೀರದಂತೆ ಗಾಳಿ ಕೊಟ್ಟು ಸೋಪಿನ ನೀರು ಸವರಿದಾಗ ಚಾಸಿಗೆ ಉಜ್ಜಿಕೊಂಡು ತೆಳುವಾದ ಜಾಗದಲ್ಲಿ ನೊರೆ ಎದ್ದಿತು. ಆ ತುಂಡು ಕತ್ತರಿಸಿ ಸ್ಟೀಲ್ ಪೈಪು ಹಾಕಿ, ತುದಿಗೆ ಫ್ಲೇರ್ ಮಾಡಲಾಯಿತು. ತಾಮ್ರದ ಪೈಪು ಬಾಗಿಸಲು ಸುಲಭ ನಿಜ, ಆದರೆ ತಾಮ್ರ ಪೆಟ್ರೋಲಿನಲ್ಲಿ ಅಂಟು ಕಟ್ಟುವುದನ್ನು ಬೇಗ ಮಾಡಿಸುತ್ತದೆ.

ಪಂಪು

ಈ ಪಂಪಿನಲ್ಲಿ ಲಿವರ್ ಡಾಯಾಫ್ರಮ್ಮನ್ನು (ರಬ್ಬರ್ ಹಚ್ಚಿದ ಬಟ್ಟೆಯ ಪದರ) ಕೆಳಗೆ ಎಳೆಯುತ್ತದೆ ಅಷ್ಟೇ. ಮೇಲೆ ತಳ್ಳುವುದು ಕೆಳಗಿನ ಸ್ಪ್ರಿಂಗು. ಹಾಗಾಗಿ ಪೆಟ್ರೋಲಿನ ಒತ್ತಡ ಅಂದರೆ ಆ ಸ್ಪ್ರಿಂಗಿನ ಬಲ. ಈ ಇಂಜಿನ್‌ಗೆ 2.5ರಿಂದ 3.75 ಪಿಎಸ್‌ಐ ಸರಿ. ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಜೋರು ಮಾಡುವವರಿದ್ದಾರೆ. ಅದರಿಂದ ಬೌಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಮುಚ್ಚಲಾಗದೆ ಕಾರ್ಬೊರೇಟರ್ ಉಕ್ಕುತ್ತದೆ, ಉಕ್ಕಿದ ಪೆಟ್ರೋಲ್ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ. ಇಂಜೆಕ್ಷನ್ ಗಾಡಿಯ ಎಲೆಕ್ಟ್ರಿಕ್ ಪಂಪು ತಂದು ಹಾಕುವುದೂ ಇದೇ ಅಪಾಯ, ಇದಕ್ಕಿಂತ ಹೆಚ್ಚಿನದು.

ಬಿಚ್ಚುವ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಆಯಿಲ್ ತೆಳುವಾಗಿ, ಮಟ್ಟ ಏರಿ, ಪೆಟ್ರೋಲ್ ವಾಸನೆ ಬಂದರೆ ಡಾಯಾಫ್ರಮ್ ಹರಿದು ಪೆಟ್ರೋಲ್ ಇಂಜಿನ್ನಿನ ಆಯಿಲ್ ತೊಟ್ಟಿಗೆ ಇಳಿಯುತ್ತಿದೆ. ಆ ಆಯಿಲ್‌ನಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ, ಬೇರಿಂಗ್ ಹೋಗುತ್ತವೆ. ಇಲ್ಲಿ ಹರಿದಿರಲಿಲ್ಲ, ಗಟ್ಟಿಯಾಗಿತ್ತು.

ಮೇಲಿನ ಕೆಳಗಿನ ಎರಡು ಭಾಗಗಳ ಅಂಚಿಗೆ ಅರದಿಂದ ಒಂದು ಗೆರೆ ಎಳೆದುಕೊಂಡೇ ಸ್ಕ್ರೂ ಬಿಚ್ಚಿ. ಇಲ್ಲದಿದ್ದರೆ ಒಳಬರುವ ನಳಿಗೆ ಎತ್ತಲೋ ತಿರುಗಿ ಕೂರುತ್ತದೆ. ಎರಡೂ ಮುಖಗಳನ್ನು ದಪ್ಪ ಗಾಜಿನ ಮೇಲೆ ಹಾಸಿದ 400 ನಂಬರಿನ ಎಮರಿ ಕಾಗದದಲ್ಲಿ ಎಂಟರ ಆಕಾರದಲ್ಲಿ ಉಜ್ಜಿ ಸಪಾಟು ಮಾಡಿ. ಎರಡು ವಾಲ್ವುಗಳು ಎದುರುಬದುರು ದಿಕ್ಕಿಗೆ ಕೂರುತ್ತವೆ, ತೆಗೆಯುವಾಗಲೇ ಫೋಟೋ ಹೊಡೆದಿಡಿ. ಹೊಸ ಕಿಟ್ಟು ಎಥೆನಾಲ್ ತಾಳುವ ರಬ್ಬರಿನದೇ ಎಂದು ಕೇಳಿ ಕೊಳ್ಳಿ. ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದ ಹಳೆ ಸ್ಟಾಕು ಅಸಲಿಯಾದರೂ ಬೇಡ.

ಜೋಡಿಸುವಾಗ ಜನ ಎಡವುವುದು ಒಂದೇ ಕಡೆ. ಸ್ಕ್ರೂಗಳನ್ನು ಬೆರಳಿನ ಬಿಗಿಯಷ್ಟು ಹಾಕಿ, ಲಿವರನ್ನು ಪೂರ್ತಿ ಒತ್ತಿ ಹಿಡಿದು ಡಾಯಾಫ್ರಮ್ ಕೆಳಗಿಳಿದಿರುವಾಗಲೇ ಎದುರುಬದುರು ಕ್ರಮದಲ್ಲಿ ಬಿಗಿಯಬೇಕು. ಲಿವರ್ ಬಿಟ್ಟುಕೊಂಡು ಬಿಗಿದರೆ ಬಟ್ಟೆ ಸೆಟೆದು, ಸ್ಟ್ರೋಕ್ ಕಡಿಮೆಯಾಗಿ, ಕೆಲವೇ ದಿನಕ್ಕೆ ಅಂಚಿನಲ್ಲಿ ಹರಿಯುತ್ತದೆ. ಬ್ಲಾಕಿಗೆ ಕೂರಿಸುವಾಗ ಹಳೆಯ ಪ್ಯಾಕಿಂಗಿನಷ್ಟೇ ದಪ್ಪದ್ದು ಹಾಕಿ. ಎರಡು ಪ್ಯಾಕಿಂಗ್ ಒತ್ತಿದರೆ ಲಿವರ್ ಕ್ಯಾಮಿನಿಂದ ದೂರ ಸರಿದು ಪಂಪಿನ ಸ್ಟ್ರೋಕೇ ಮೊಟಕಾಗುತ್ತದೆ. ಗಾಜಿನ ಬಟ್ಟಲಿನ ಕೆಳಗಿನ ಬೆಂಡಿನ ವಾಯ್ಸರನ್ನೂ ಬದಲಿಸಿ.

ಈಗ ಅಳತೆ: ಕ್ಯಾನಿನಿಂದ ನಿಮಿಷಕ್ಕೆ 700 ಎಂಎಲ್, ಟಾಕಿಯಿಂದ 650. ಒತ್ತಡ 3 ಪಿಎಸ್‌ಐ. ಇಂಜಿನ್ ಆಫ್ ಮಾಡಿದ ಮೇಲೂ ಗೇಜಿನ ಮುಳ್ಳು ಕೂಡಲೇ ಬೀಳಲಿಲ್ಲ. ಬಿದ್ದಿದ್ದರೆ ಪಂಪಿನ ಹೊರಹೋಗುವ ವಾಲ್ವನ್ನೋ ಕಾರ್ಬೊರೇಟರಿನ ನೀಡಲನ್ನೋ ನೋಡಬೇಕಿತ್ತು.

ಕಾರ್ಬೊರೇಟರ್

ಇಷ್ಟಾದ ಮೇಲೆ ಉಳಿದ ಕೆಲಸ ಚಿಕ್ಕದು. ಬೌಲಿನ ತಳದ ಹುಡಿ ತೆಗೆದು, ನೀಡಲ್ ಮತ್ತು ಸೀಟು ಹೊಸದು ಹಾಕಲಾಯಿತು. ಸೋಲೆಕ್ಸ್‌ನಲ್ಲಿ ಬೌಲಿನ ಪೆಟ್ರೋಲ್ ಮಟ್ಟ ನಿರ್ಧರಿಸುವುದು ನೀಡಲ್ ಸೀಟಿನ ಕೆಳಗಿನ ವಾಯ್ಸರು. ಅದೇ ದಪ್ಪದ್ದೇ ಬೇಕು, ದಪ್ಪ ಹಾಕಿದರೆ ಮಟ್ಟ ಇಳಿಯುವುದೋ ಏರುವುದೋ ಎಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಿಸಿನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ತೂತು. ಜೆಟ್ಟಿನೊಳಗೆ ತಂತಿ ಹಾಕಬೇಡಿ, ಗಾಳಿ ಮತ್ತು ನೈಲಾನ್ ಎಳೆ ಸಾಕು.

ಎಥೆನಾಲ್ ಲೆಕ್ಕ ಇಲ್ಲೂ ಬರುತ್ತದೆ. ಶುದ್ಧ ಪೆಟ್ರೋಲ್ ಒಂದು ಕಿಲೋ ಉರಿಯಲು 14.7 ಕಿಲೋ ಗಾಳಿ ಬೇಕು, ಶೇ. 20 ಎಥೆನಾಲ್ ಇದ್ದರೆ ಸುಮಾರು 13.5. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ಶೇ. 8ರಷ್ಟು ಬಡವಾಗುತ್ತದೆ. ರಂಧ್ರದ ವಿಸ್ತೀರ್ಣ ಶೇ. 8 ಏರಲು ವ್ಯಾಸ ಶೇ. 4 ಏರಿದರೆ ಸಾಕು. ಸೋಲೆಕ್ಸ್ ಜೆಟ್ಟಿನ ನಂಬರು ಮಿ.ಮೀ.ನ ನೂರನೇ ಭಾಗದಲ್ಲಿರುತ್ತದೆ, 120 ಎಂದರೆ 1.20 ಮಿ.ಮೀ. ಹಾಗಾಗಿ 120 ಇದ್ದಲ್ಲಿ 125, ಅದಕ್ಕಿಂತ ಮುಂದೆ ಹೋಗಬೇಡಿ. ಅದೂ ಪಂಪಿನ ಅಳತೆ ಸರಿಯಾದ ಮೇಲೂ ಪ್ಲಗ್ಗು ಬೆಳ್ಳಗೇ ಉಳಿದರೆ ಮಾತ್ರ. ಡ್ರಿಲ್ಲಿನಿಂದ ಜೆಟ್ ದೊಡ್ಡದು ಮಾಡಿಸಿಕೊಂಡವರಿಗೆ ಹಿಂದೆ ಹೋಗುವ ದಾರಿ ಇರುವುದಿಲ್ಲ. ಈ ಗಾಡಿಯ ಪ್ಲಗ್ಗುಗಳು ಘಾಟು ಹತ್ತಿ ಇಳಿದ ಮೇಲೆ ತಿಳಿ ಕಂದು ಬಣ್ಣಕ್ಕೆ ಬಂದವು, ಜೆಟ್ ಬದಲಿಸಲಿಲ್ಲ. ಐಡಲ್ ಸ್ಕ್ರೂ ಮೆಲ್ಲಗೆ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಕಿವಿಗೆ ತಕ್ಕಂತೆ.

ಬಾಗಲಕೋಟೆ, ವಿಜಯಪುರದ ಬೇಸಿಗೆಗೆ

ಬೆಳಗಾವಿಯಲ್ಲಿ ಗೆದ್ದ ಗಾಡಿ ಏಪ್ರಿಲ್-ಮೇನಲ್ಲಿ ವಿಜಯಪುರದ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮತ್ತೆ ನಿಲ್ಲಬಹುದು. ಪೆಟ್ರೋಲಿನ ಹಗುರ ಅಂಶಗಳು ಅಷ್ಟು ಶಾಖಕ್ಕೇ ಹಬೆಯಾಗುತ್ತವೆ, ಪಂಪು ಎಳೆಯುವ ಬದಿಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಇನ್ನೂ ಬೇಗ. ಈ ಇಂಜಿನ್ನಿನಲ್ಲಿ ಪಂಪೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಬದಿಗಿವೆ. ಎಫ್‌ಸಿಯಲ್ಲಿ ಇಂಜಿನ್ ಕ್ಯಾಬಿನ್ನಿನೊಳಗೆ ಡಬ್ಬಿ ಮುಚ್ಚಿಕೊಂಡು ಕೂತಿರುವುದರಿಂದ ಬಿಸಿ ಹೊರಹೋಗುವುದೂ ಕಷ್ಟ. ಗುರುತಿಸುವುದು ಸುಲಭ: ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆದರೆ ಅದು ವೇಪರ್ ಲಾಕ್, ಅಂದರೆ ಹಬೆ ಪೆಟ್ರೋಲಿನ ದಾರಿ ಕಟ್ಟಿರುವುದು. ಒದ್ದೆ ಬಟ್ಟೆಯನ್ನೇ ಕಾಯಂ ಉಪಾಯ ಮಾಡಿಕೊಂಡ ಡ್ರೈವರುಗಳು ಬಹಳ.

ಕಾಯಂ ಉಪಾಯಕ್ಕೆ ಮೂರು ಬದಲಾವಣೆ ಮಾಡಲಾಯಿತು. ಮ್ಯಾನಿಫೋಲ್ಡ್ ಮತ್ತು ಪಂಪಿನ ನಡುವೆ 1.5 ಮಿ.ಮೀ. ಅಲ್ಯೂಮಿನಿಯಂ ತಗಡು, ಎರಡೂ ಕಡೆ ಬೆರಳಿನಷ್ಟು ಗಾಳಿ ಜಾಗ ಬಿಟ್ಟು. ಕಾರ್ಬೊರೇಟರಿನ ಕೆಳಗೆ 8 ಮಿ.ಮೀ. ಹೈಲಂ (ಶಾಖ ತಡೆಯುವ ಗಟ್ಟಿ ಹಲಗೆ) ತುಂಡು, ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ಹಳೆ ಪ್ಯಾಕಿಂಗ್ ಕೊಟ್ಟರೆ ಅದರ ಪ್ರಕಾರವೇ ಕೊರೆದು ಕೊಡುತ್ತಾರೆ; ಸ್ಟಡ್ಡುಗಳೂ ಅಷ್ಟೇ ಉದ್ದದ್ದು ಬೇಕು, ಎಕ್ಸಿಲೇಟರ್ ಲಿಂಕನ್ನು ಮತ್ತೆ ಹೊಂದಿಸಬೇಕು. ಮೂರನೆಯದೇ ಹೆಚ್ಚು ಕೆಲಸ ಮಾಡುವುದು: ಕಾರ್ಬೊರೇಟರಿಗೆ ಮುಂಚೆ ಒಂದು ಟೀ ಹಾಕಿ, ಅದರ ಮೂರನೇ ಬಾಯಿಗೆ 1.5 ಮಿ.ಮೀ. ರಂಧ್ರದ ತಡೆ ಇಟ್ಟು, ಅಲ್ಲಿಂದ ಟಾಕಿಗೆ ಮರಳುವ ಪೈಪು. ಹಬೆ ಆ ದಾರಿಯಲ್ಲಿ ಹೋಗುತ್ತದೆ, ಪೆಟ್ರೋಲ್ ಸತತ ಹರಿಯುವುದರಿಂದ ಪಂಪೂ ತಂಪಾಗಿರುತ್ತದೆ. ಟೀ ಬಾಯಿ ಮೇಲ್ಮುಖವಾಗಿರಬೇಕು, ರಂಧ್ರ 1.5 ದಾಟಿದರೆ ಕಾರ್ಬೊರೇಟರಿನ ಪಾಲು ಟಾಕಿಗೆ ಹೋಗುತ್ತದೆ. ಹಾಕಿದ ಮೇಲೆ ಡಬ್ಬಿ ಇಟ್ಟು ಮತ್ತೆ ಅಳೆದಾಗ ಕಾರ್ಬೊರೇಟರ್ ತುದಿಯಲ್ಲಿ ನಿಮಿಷಕ್ಕೆ 520 ಎಂಎಲ್ ಉಳಿದಿತ್ತು.

ಬಿಸಿ ಇಂಜಿನ್ ಆಫ್ ಮಾಡಿ ಹತ್ತು ನಿಮಿಷಕ್ಕೆ ಸ್ಟಾರ್ಟ್ ಆಗದೆ, ಪೆಟ್ರೋಲ್ ವಾಸನೆ ಬಂದರೆ ಅದು ಬೇರೆ: ಬೌಲಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿರುತ್ತದೆ. ಎಕ್ಸಿಲೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಪದೇ ಪದೇ ಒತ್ತಿ ಬಿಡಬೇಡಿ.

ಟಾಕಿ ತೊಳೆದ ಮೇಲೂ ಹುಡಿ ಕೆಲ ದಿನ ಬರುತ್ತಲೇ ಇರುತ್ತದೆ. ಮೊದಲ 500 ಕಿ.ಮೀ.ವರೆಗೆ ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗ ಗಾಜಿನ ಬಟ್ಟಲು ಬಿಚ್ಚಿ ಒರೆಸಿ, ಹೋಸಿನ ಕ್ಲಿಪ್ಪುಗಳನ್ನು ಒಮ್ಮೆ ನೋಡಿ. ಗಾಡಿಯಲ್ಲಿ ಒಂದು ಡಾಯಾಫ್ರಮ್ ಕಿಟ್, ಬಟ್ಟಲಿನ ಒಂದು ವಾಯ್ಸರ್, ಎರಡು ಕ್ಲಿಪ್, ಒಂದು ಗೇಣು ಆರ್9 ಹೋಸು, 10 ಮತ್ತು 11ರ ಪಾನಾ ಇರಲಿ.